ಬಿರುಕು ಬಿಡದ ಕಿಟಕಿ

ಆ ಊರಿನಲ್ಲಿ ಎಲ್ಲರೂ ಅವನನ್ನು ಗಾಜಣ್ಣ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಆ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಮಕ್ಕಳಿಗೂ ಗಾಜಣ್ಣ, ಮುದುಕರಿಗೂ ಗಾಜಣ್ಣ. ಸಿಟ್ಟು ಬಂದಾಗ ಹೆಂಡತಿ ಕೂಡ "ಏನ್ರೀ ಗಾಜಣ್ಣೋರೇ" ಎಂದೇ ಶುರು ಮಾಡುತ್ತಿದ್ದಳು, ಆಮೇಲಿನದ್ದನ್ನು ಇಲ್ಲಿ ಹೇಳುವುದು ಬೇಡ. ಕಿಟಕಿಗೆ ಗಾಜು ಕೂರಿಸುವುದು ಅವನ ಕಸುಬು. ಬೇರೆ ಊರಾಗಿದ್ದರೆ ಈ ಕಸುಬನ್ನೇ ನಂಬಿಕೊಂಡವನು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಳ್ಳಬೇಕಾಗುತ್ತಿತ್ತು. ಗಾಜೇನು ದಿನಾ ಒಡೆಯುತ್ತದೆಯೇ? ಈ ಊರಿನಲ್ಲಿ ಒಡೆಯುತ್ತಿತ್ತು. ಊರ ಹಿಂದಿನ ಬೋಳು ಬಯಲಿನಲ್ಲಿ ಸೈನ್ಯದ ಫಿರಂಗಿ ದಳದವರು ಗುಂಡು ಹಾರಿಸುವ ಅಭ್ಯಾಸ ಮಾಡುತ್ತಿದ್ದರು.

ಫಿರಂಗಿ ಹಾರಿದಾಗಲೆಲ್ಲ ಕಾಲ ಕೆಳಗಿನ ನೆಲ ಅದುರಿ, ಕಿಟಕಿಗಳು ಗಡಗಡ ಎನ್ನುತ್ತಿದ್ದವು. ಊರಿನವರು ಅದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಮಾತಿನ ನಡುವೆ ಸದ್ದು ಬಂದರೆ ತೆರೆದ ಬಾಯನ್ನು ಹಾಗೇ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ಹೊರಗಿನಿಂದ ಬಂದ ನೆಂಟರು ಇವರಿಗೆಲ್ಲ ಏನೋ ಕಾಯಿಲೆ ಇರಬೇಕೆಂದುಕೊಂಡು ಮಿಕಿಮಿಕಿ ನೋಡುತ್ತಿದ್ದರು.

ಇಂಥ ಊರಿನಲ್ಲಿ ಗಾಜು ಕೂರಿಸುವುದಕ್ಕೆ ಒಂದು ರೀತಿ ಇತ್ತು. ಗಾಜನ್ನು ಚೌಕಟ್ಟಿಗಿಂತ ಒಂದು ಉಗುರಿನಷ್ಟು ಚಿಕ್ಕದಾಗಿ ಕೊಯ್ದು, ಸುತ್ತ ಹಳೆಯ ಕಂಬಳಿಯ ಪಟ್ಟಿ ಇಟ್ಟು, ಮೇಲೆ ತೆಳುವಾಗಿ ಪುಟ್ಟಿಯ ಅಂಟು ಮೆತ್ತಬೇಕು. ಆಗ ಗಾಜಿಗೆ ಅಲುಗಾಡಲು ಜಾಗ ಸಿಗುತ್ತದೆ. ಗುಂಡು ಹಾರಿದರೆ ಗದಗುಟ್ಟುತ್ತದೆ, ಒಡೆಯುವುದು ಕಡಿಮೆ. ಗಾಜಣ್ಣನ ಅಪ್ಪನೂ ಹೀಗೆಯೇ ಮಾಡುತ್ತಿದ್ದ. ಆದರೆ ಆ ಸಂದಿಯಿಂದ ಗಾಳಿ ಬರುತ್ತಿತ್ತು, ಧೂಳು ಬರುತ್ತಿತ್ತು. ಊರಿನ ಹೆಂಗಸರಿಗೆ ಬಯ್ಯಲು ಅಷ್ಟು ಸಾಕು.

"ಏನಣ್ಣಾ, ಕಿಟಕಿ ಹಾಕಿದ್ದೀಯೋ, ಜರಡಿ ಹಾಕಿದ್ದೀಯೋ?" ಎಂದು ಬೀದಿಯಲ್ಲೇ ನಿಲ್ಲಿಸಿ ಕೇಳುತ್ತಿದ್ದರು.

"ಬಿಗಿಯಾಗಿ ಕೂರಿಸಿದ್ರೆ ನಾಳೇನೇ ಒಡ್ದು ಹೋಗತ್ತಮ್ಮಾ. ಆಮೇಲೆ ಜರಡಿ ಅಲ್ಲ, ಬಾಗಿಲೇ ಆಗತ್ತೆ."

ಹೀಗೆ ಹೇಳಿ ತಪ್ಪಿಸಿಕೊಳ್ಳುತ್ತಿದ್ದನಾದರೂ ಅವನಿಗೆ ಒಳಗೊಳಗೇ ಬೇಸರವಿತ್ತು. ಬೇರೆ ಊರಿನ ಕೆಲಸಗಾರರ ಹಾಗೆ ಚೌಕಟ್ಟಿಗೆ ಸರಿಯಾಗಿ, ಕೂದಲೆಳೆಯಷ್ಟೂ ಸಂದಿ ಬಿಡದೆ, ಕೈ ಆಡಿಸಿದರೆ ನುಣ್ಣಗಿರುವಂತೆ ಒಂದು ಗಾಜು ಕೂರಿಸಬೇಕೆಂಬುದು ಅವನ ಬಹಳ ದಿನದ ಆಸೆ.

ಅವನಿಗೆ ಒಬ್ಬಳೇ ಮಗಳು. ಅವಳನ್ನು ಅದೇ ಫಿರಂಗಿ ದಳದವನಿಗೆ ಕೊಟ್ಟಿದ್ದ. ಅಳಿಯ ಗುರಿ ಹಿಡಿಯುವವನು. ಒಂದು ಕಿವಿ ಅರ್ಧ ಹೋಗಿತ್ತು, ಅದಕ್ಕೇ ಏನೇ ಕೇಳಿದರೂ ಮೊದಲು ನಕ್ಕು ಆಮೇಲೆ ಉತ್ತರ ಕೊಡುತ್ತಿದ್ದ. "ಅಳಿಯ ಒಡೀತಾನೆ, ಮಾವ ಹಾಕ್ತಾನೆ. ಒಳ್ಳೆ ಸಂಸಾರ ಕಣಪ್ಪಾ ನಿಮ್ದು" ಎಂದು ಜನ ರೇಗಿಸಿದರೆ ಅದಕ್ಕೂ ನಗುತ್ತಿದ್ದ. ಮಗಳು, ಅಳಿಯ ಇಬ್ಬರೂ ಸೈನ್ಯದವರ ಸಂಸಾರಗಳಿದ್ದ ಕ್ವಾರ್ಟರ್ಸಿನ ಸಾಲಿನಲ್ಲಿ ಒಂದು ಮನೆಯಲ್ಲಿದ್ದರು. ಕಬ್ಬಿಣದ ಚೌಕಟ್ಟಿನ ಕಿಟಕಿ, ಮುಂದೆ ಎರಡು ಮೆಟ್ಟಿಲು, ಒಂದರ ಹಾಗೆ ಇನ್ನೊಂದು ಮನೆ. ಕುಡಿದು ಬಂದವನು ಪಕ್ಕದ ಮನೆಗೆ ನುಗ್ಗಿದರೂ ತಪ್ಪೆನ್ನುವಂತಿರಲಿಲ್ಲ.

ಆ ಬೇಸಿಗೆಯಲ್ಲಿ ಅಪ್ಪಣೆ ಬಂತು. ಸಮುದ್ರದಾಚೆ ಯಾವುದೋ ದೇಶದಲ್ಲಿ ಯಾರದೋ ಯುದ್ಧ, ಫಿರಂಗಿ ದಳ ಪೂರ್ತಿ ಹಡಗು ಹತ್ತಬೇಕು. ಹೊರಡುವ ಮೊದಲು ಬಯಲಿನಲ್ಲಿ ಅಭ್ಯಾಸ ಜೋರಾಯಿತು. ಬೆಳಗ್ಗೆಯಿಂದ ಸಂಜೆಯವರೆಗೆ ಒಂದೇ ಸಮನೆ ಗುಂಡು. ಕಂಬಳಿ ಪಟ್ಟಿಯೂ ತಡೆಯಲಿಲ್ಲ, ಸಾಲಿನ ಕಿಟಕಿಗಳೆಲ್ಲ ಪುಡಿಪುಡಿಯಾದವು. ಗಾಜಣ್ಣ ಎಲ್ಲರಿಗಿಂತ ಮೊದಲು ಮಗಳ ಮನೆಯ ಮುಂದಿನ ಕಿಟಕಿಗೆ ಹೊಸ ಗಾಜು ಹಾಕಿದ. ಗುಂಡಿನ ಸದ್ದು ಇನ್ನೂ ಕೇಳುತ್ತಿತ್ತು, ಕೈ ತಾನಾಗಿ ಸಂದಿ ಬಿಟ್ಟಿತು, ಕಂಬಳಿ ಪಟ್ಟಿ ಇಟ್ಟಿತು. ಅಳಿಯ ಗಾಜಿನ ಆಚೆ ತುದಿ ಹಿಡಿದುಕೊಂಡಿದ್ದ.

"ಇನ್ನು ಒಡೆಯೋರು ಯಾರೂ ಇರಲ್ಲ ಮಾವ, ನಿಮ್ಗೆ ಕೆಲ್ಸ ಇಲ್ಲ" ಎಂದು ಅಳಿಯ ನಕ್ಕ.

"ಬೇಗ ಬಂದು ಒಡಿ ಮಾರಾಯ. ನಾನು ಬೇಡ ಅಂದ್ನಾ?" ಎಂದ ಗಾಜಣ್ಣ. ಹಾಗೆಂದವನೇ ಪುಟ್ಟಿ ಉಂಡೆ ಮಾಡುವ ನೆಪದಲ್ಲಿ ಅತ್ತ ತಿರುಗಿದ.

ತೆರೆದ ರೈಲು ಬೋಗಿಗಳ ಮೇಲೆ ಫಿರಂಗಿಗಳನ್ನು ಏರಿಸಿ, ಟಾರ್ಪಾಲು ಹೊದಿಸಿ, ಬಂದರಿಗೆ ಸಾಗಿಸಿದರು. ಆಮೇಲೆ ಬಂತು ನೋಡಿ ಆ ಮೌನ. ಗುಂಡು ಹಾರುತ್ತಿದ್ದ ವೇಳೆಗೆ ಸರಿಯಾಗಿ ಅಂಗಡಿಯಲ್ಲಿ, ನಲ್ಲಿಯ ಹತ್ತಿರ, ಶಾಲೆಯ ಕೋಣೆಯಲ್ಲಿ, ಜನ ಮಾತಾಡುತ್ತಾಡುತ್ತಾ ತಟ್ಟನೆ ನಿಲ್ಲಿಸಿಬಿಡುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಬಾಯಿಗೆ ರೂಢಿಯಾಗಿತ್ತು. ಇಡೀ ಬೀದಿ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಸದ್ದು ಬರುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಏನು ಹೇಳುತ್ತಿದ್ದೆವೆಂಬುದನ್ನೇ ಮರೆತು, ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು.

ಗಾಜಣ್ಣನ ಮಗಳು ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಕೆನ್ನೆ ಒಳಕ್ಕೆ ಹೋಯಿತು. ಅಮ್ಮ ದಿನಾ ಡಬ್ಬಿಯಲ್ಲಿ ಊಟ ಹೊತ್ತುಕೊಂಡು ಹೋಗಿ, ಎದುರಿಗೆ ಕೂತು, ಬೈದು ತಿನ್ನಿಸಿದರೆ ಎರಡು ತುತ್ತು ಹೋಗುತ್ತಿತ್ತು. ಹೀಗೇ ಆದರೆ ಅವನು ವಾಪಸು ಬರುವಷ್ಟರಲ್ಲಿ ಇವಳು ಇರುತ್ತಾಳೋ ಇಲ್ಲವೋ ಎಂದು ಗಂಡ ಹೆಂಡತಿಗೆ ದಿಗಿಲು ಹತ್ತಿತು.

ಈ ನಡುವೆ ಸಾಲಿನ ಮನೆಗಳಿಗೆಲ್ಲ ಹೊಸ ಗಾಜು ಹಾಕಬೇಕೆಂದು ಸೈನ್ಯದ ಕಚೇರಿಯವರು ಗಾಜಣ್ಣನಿಗೆ ಹೇಳಿದರು. ಫಿರಂಗಿಗಳಿಲ್ಲ. ಅಲುಗಾಟವಿಲ್ಲ. ಸಂದಿ ಯಾಕೆ, ಕಂಬಳಿ ಯಾಕೆ? ತನ್ನ ಆಸೆಯಂತೆ ಒಂದೊಂದು ಗಾಜನ್ನೂ ಚೌಕಟ್ಟಿಗೆ ಕಚ್ಚಿ ಹಿಡಿಯುವಂತೆ ಬಿಗಿಯಾಗಿ ಕೂರಿಸಿದ, ಗಟ್ಟಿ ಪುಟ್ಟಿ ತುಂಬಿ ನುಣ್ಣಗೆ ಒರೆಸಿದ. ಬಿಸಿಲಿಗೆ ಕಬ್ಬಿಣ ಕೈ ಸುಡುತ್ತಿತ್ತು. ಹೆಂಗಸರು ಕೈ ಆಡಿಸಿ ನೋಡಿ, "ಇಷ್ಟು ವರ್ಷ ಈ ಕೈಚಳಕ ಎಲ್ಲಿ ಬಚ್ಚಿಟ್ಟಿದ್ದೆ ಅಣ್ಣಾ?" ಎಂದರು. ಗಾಜಣ್ಣ ಉಬ್ಬಿಹೋದ. ಮಗಳ ಮನೆಯ ಗಾಜು ಆಗಲೇ ಹಾಕಿ ಆಗಿತ್ತು, ಅದನ್ನು ಅವನು ಮುಟ್ಟಲಿಲ್ಲ.

ಬೇಸಿಗೆ ಕಳೆಯಿತು. ಚಳಿ ಶುರುವಾದ ಒಂದು ಸಂಜೆ, ಮಗಳ ಎದುರು ಮನೆಯ ಕಿಟಕಿಯಲ್ಲಿ ಟಕ್ ಎಂದಿತು. ಅದು ಫಿರಂಗಿ ಎಳೆಯುವ ಟ್ರಕ್ಕಿನ ಡ್ರೈವರನ ಮನೆ. ಡ್ರೈವರನ ಹೆಂಡತಿ ಒಬ್ಬಳೇ ಕೂತು ಬಟ್ಟೆ ಮಡಿಸುತ್ತಿದ್ದಳು. ತಲೆಯೆತ್ತಿ ನೋಡಿದರೆ ಗಾಜಿನ ಕೆಳಮೂಲೆಯಿಂದ ಒಂದು ಗೆರೆ ಹೊರಟು, ಅವಳು ನೋಡುತ್ತಿದ್ದ ಹಾಗೇ ಓರೆಯಾಗಿ ಮೇಲಕ್ಕೆ ಹರಿದು ನಿಂತಿತು. ಗಾಳಿ ಇರಲಿಲ್ಲ, ಕಲ್ಲು ಬಿದ್ದಿರಲಿಲ್ಲ. ಮರುದಿನ ಬೆಳಗ್ಗೆ ಸೈನ್ಯದ ಜೀಪು ಬಂತು. ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು ಇಬ್ಬರು ಇಳಿದರು. ಡ್ರೈವರ್ ಹೋಗಿಬಿಟ್ಟಿದ್ದ.

ಆಮೇಲೆ ದಳದ ಅಡಿಗೆಯವನ ತಾಯಿಯ ಮನೆಯಲ್ಲಿ ಟಕ್ ಎಂದಿತು. ಆ ವಾರದಲ್ಲೇ ಜೀಪು ಅಲ್ಲಿಗೂ ಬಂತು. ಗಾಜು ಬಿರಿದರೆ ಆ ಮನೆಯ ಗಂಡಸು ಹೋದ ಹಾಗೆ ಎಂದು ಸಾಲಿಗೆ ಸಾಲೇ ನಂಬಿತು. ಮೂರನೆಯ ಮನೆಯಲ್ಲಿ ಬಿರುಕು ಬಿಟ್ಟಾಗ ಯಾವ ಜೀಪೂ ಬರಲಿಲ್ಲ. ಸುದ್ದಿ ಇನ್ನೂ ದಾರಿಯಲ್ಲಿದೆ ಎಂದರು. ಆ ಮನೆಯ ಹೆಂಗಸು ದಿನವಿಡೀ ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುತ್ತಿದ್ದಳು. ಅವಳಿಗೆ ಧೈರ್ಯ ಹೇಳುವುದಕ್ಕೂ ಯಾರೂ ಹತ್ತಿರ ಹೋಗಲಿಲ್ಲ.

ಜನ ಬಾಗಿಲನ್ನು ಮೆತ್ತಗೆ ಹಾಕತೊಡಗಿದರು. ಕಿಟಕಿಯ ಹತ್ತಿರ ಜೋರಾಗಿ ಮಾತಾಡಿದರೆ ಮಕ್ಕಳ ಬೆನ್ನಿಗೆ ಏಟು ಬೀಳುತ್ತಿತ್ತು. ಸಂಜೆ ಚಳಿ ಇಳಿಯುತ್ತಿದ್ದಂತೆ ಪ್ರತಿ ಕಿಟಕಿಯ ಹಿಂದೆಯೂ ಒಬ್ಬೊಬ್ಬ ಹೆಂಗಸು ಬಂದು ನಿಂತು, ಗಾಜಿನ ಮೇಲೆ ಅಂಗೈ ಒತ್ತಿ ಹಿಡಿಯುತ್ತಿದ್ದಳು. ಬೀದಿಯಲ್ಲಿ ನಡೆದು ಹೋಗುವವನಿಗೆ ಎರಡೂ ಕಡೆ ಬರೀ ಬಿಳಿಚಿದ ಅಂಗೈಗಳು ಕಾಣುತ್ತಿದ್ದವು. ಗಾಜಣ್ಣ ಗಾಜು ಹೊತ್ತು ಸಾಲಿನೊಳಗೆ ಕಾಲಿಟ್ಟರೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಮೊನ್ನೆ ಮೊನ್ನೆವರೆಗೆ ನಿಲ್ಲಿಸಿ ಬಯ್ಯುತ್ತಿದ್ದವರು ಈಗ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಬೈದರೆ ಸಾಕಾಗಿತ್ತು ಎನ್ನಿಸಿತು ಅವನಿಗೆ.

ಆದರೆ ಮಗಳು? ಅವಳು ಊಟಕ್ಕೆ ಕೂತಳು. ಕೆನ್ನೆ ತುಂಬಿಕೊಂಡಿತು. ಸಾಲಿನ ಎಷ್ಟೋ ಕಿಟಕಿಗಳು ಬಿರಿದರೂ ಅವಳದ್ದು ಹಾಗೇ ಇತ್ತು. ಬೆಳಗ್ಗೆ ಎದ್ದ ಕೂಡಲೇ ಮೆತ್ತನೆಯ ಬಟ್ಟೆಯಿಂದ ಗಾಜು ಒರೆಸಿ, ನಾಲ್ಕು ಮೂಲೆಯನ್ನೂ ಬೆರಳಿನಿಂದ ಸವರಿ ನೋಡಿ, ಆಮೇಲೆ ಒಲೆ ಹಚ್ಚುತ್ತಿದ್ದಳು. "ಅವರು ಚೆನ್ನಾಗಿದ್ದಾರಪ್ಪಾ, ನಮ್ದು ನೋಡು, ಏನೂ ಆಗಿಲ್ಲ" ಎನ್ನುತ್ತಿದ್ದಳು. ಗಾಜಣ್ಣನಿಗೂ ಖುಷಿ. ಬಾಯಲ್ಲಿ "ಅದೆಲ್ಲ ಸುಮ್ನೆ" ಎಂದರೂ ಮನೆಗೆ ಹೊರಡುವ ಮುಂಚೆ ತಾನೂ ಒಮ್ಮೆ ಆ ಗಾಜನ್ನು ಮುಟ್ಟಿ ಹೋಗುತ್ತಿದ್ದ. ಮನುಷ್ಯ ತಾನೆ, ಏನು ಮಾಡುತ್ತಾನೆ.

ಒಂದು ದಿನ ಡ್ರೈವರನ ಹೆಂಡತಿ ತಾನಾಗಿ ಅವನನ್ನು ಕರೆದಳು. ಬಿರುಕಿನಿಂದ ಗಾಜಿನ ಒಂದು ಚೂರು ಸಡಿಲವಾಗಿ ಮಗುವಿನ ಕೈಗೆ ತಾಗೀತು, ಬದಲಾಯಿಸಿ ಎಂದಳು. ಅವನು ಪುಟ್ಟಿ ಕೆರೆದು ಗಾಜು ಬಿಡಿಸಿದ. ಕೆಳಮೂಲೆಯ ಅಂಚು ಹಲ್ಲಿನಿಂದ ಜಗಿದಂತೆ ಪುಡಿಯಾಗಿತ್ತು. ಕಬ್ಬಿಣದ ಚೌಕಟ್ಟಿನ ಮೇಲೆ ಕೈಯಿಟ್ಟ. ಮಂಜುಗಡ್ಡೆಯ ಹಾಗೆ ಕೊರೆಯಿತು. ಬೇಸಿಗೆಯಲ್ಲಿ ಕಾದು ಹಿಗ್ಗಿದ್ದ ಕಬ್ಬಿಣಕ್ಕೆ ತಾನು ಸರಿಯಾಗಿ ಅಳೆದು ಗಾಜು ತುರುಕಿದ್ದ. ಚಳಿಗೆ ಕಬ್ಬಿಣ ಕುಗ್ಗಿತು, ಗಾಜಿಗೆ ಸರಿದುಕೊಳ್ಳಲು ಜಾಗವಿರಲಿಲ್ಲ. ಗಾಜು ಹೇಳಿದ್ದು ಸಾವೂ ಅಲ್ಲ, ಸುದ್ದಿಯೂ ಅಲ್ಲ. ಎಲ್ಲ ತನ್ನ ಕೈಚಳಕ.

ಅವಳೆದುರು ಕೈಕಟ್ಟಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬಯ್ಯುತ್ತಾಳೆಂದುಕೊಂಡಿದ್ದ. ಅವಳು ಮಗುವನ್ನು ಸೊಂಟ ಬದಲಾಯಿಸಿ ಎತ್ತಿಕೊಂಡಳು.

"ನಿಮ್ಮ ಕಬ್ಬಿಣದ ಕತೆ ನಂಗೊತ್ತಿಲ್ಲ ಅಣ್ಣಾ. ಆ ಗಾಜು ಒಡೀದೆ ಇದ್ದಿದ್ರೆ, ಅವರಿಬ್ರು ಬಂದು ನಿಂತಾಗ ನಾನು ನಂಬ್ತಾನೇ ಇರ್ಲಿಲ್ಲ. ಗಾಜು ಹೇಳ್ತು, ಅಳೋಕೆ ಆಯ್ತು. ಅದನ್ನೂ ಸುಳ್ಳು ಅನ್ಬೇಡಿ."

ಗಾಜಣ್ಣ ಹೊಸ ಗಾಜು ಹಾಕಿದ. ಈ ಸಲ ಸಂದಿ ಬಿಟ್ಟ, ಕಂಬಳಿ ಇಟ್ಟ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಮಗಳ ಕಿಟಕಿಯದ್ದು ಸಡಿಲ ಗಾಜು, ಎಂಥ ಚಳಿ ಬಿದ್ದರೂ ಅದು ಬಿರಿಯುವುದಿಲ್ಲ, ಅದನ್ನು ನಂಬಿಕೊಂಡು ಕೂತಿದ್ದಾಳಲ್ಲ, ಹೇಳಿಬಿಡಲೇ ಎಂದ.

"ಹೇಳಿ ಏನು ಸಾಧಿಸ್ತೀರಿ? ಈಗ್ತಾನೆ ನಾಲ್ಕು ತುತ್ತು ತಿಂತಿದ್ದಾಳೆ. ಅವನು ಬರೋವರೆಗೂ ತಿನ್ಲಿ. ಬಂದ್ಮೇಲೆ ನೀವೂ ಅವನೂ ಕೂತು ಆ ಕತೆ ಹೇಳ್ಕೊಂಡು ನಗಿ" ಎಂದಳು ಅವಳು.

ಅದೂ ಸರಿ ಎನ್ನಿಸಿತು. ಬಾಯಿಗೆ ಬೀಗ ಹಾಕಿಕೊಂಡ.

ಜೀಪು ಮಗಳ ಮನೆಯ ಮುಂದೆ ನಿಂತಾಗ ಗಾಜಣ್ಣ ಒಳಗೇ ಕೂತು ಟೀ ಕುಡಿಯುತ್ತಿದ್ದ. ಇಬ್ಬರು ಇಳಿದದ್ದು ಕಿಟಕಿಯಿಂದ ಕಂಡಿತು. ಲೋಟ ಕೆಳಗಿಡಲೂ ಆಗದೆ ಕೈ ಹಾಗೇ ನಿಂತಿತು. ಮಗಳು ಹೋಗಿ ಬಾಗಿಲು ತೆರೆದು, ನಗುತ್ತಾ ಕುರ್ಚಿ ಎಳೆದು ಹಾಕಿದಳು. ಬಂದ ಅಧಿಕಾರಿ ಚಿಕ್ಕ ವಯಸ್ಸಿನವನು. ಕೂರದೆ ನಿಂತೇ ತಾನು ಹೇಳಬೇಕಾದ್ದನ್ನು ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ನೀವು ತಪ್ಪು ಮನೆಗೆ ಬಂದಿದ್ದೀರಿ. ಇಲ್ಲಿ ಎಲ್ಲ ಮನೆನೂ ಒಂದೇ ಥರ ಇರತ್ತೆ, ಎಲ್ಲರಿಗೂ ಹೀಗಾಗತ್ತೆ. ನೋಡಿ, ನಮ್ದು ಒಡೆದಿಲ್ಲ" ಎಂದು ಕಿಟಕಿ ತೋರಿಸಿದಳು.

ಅಧಿಕಾರಿಗೆ ತಲೆ ಬುಡ ತಿಳಿಯಲಿಲ್ಲ. ಗಾಜಣ್ಣನ ಕಡೆ ನೋಡಿದ. ಗಾಜಣ್ಣ ಎದ್ದು ಅವರನ್ನು ಜೀಪಿನವರೆಗೆ ಕಳಿಸಲು ಹೋದ. ಅಲ್ಲಿ ಅವರು ಉಳಿದದ್ದನ್ನು ಹೇಳಿದರು. ಎದುರಾಳಿಗಳ ಗುಂಡು ಅಳಿಯನ ಫಿರಂಗಿಯ ಮೇಲೇ ಬಿದ್ದಿತ್ತು. ಅಲ್ಲೇ, ಸಮುದ್ರದಾಚೆಯೇ, ಮಣ್ಣು ಮಾಡಿದ್ದರು. ಗಾಜಣ್ಣ ತಿರುಗಿ ಬಂದಾಗ ಮಗಳು ಟೀ ಲೋಟ ತೊಳೆಯುತ್ತಿದ್ದಳು. "ಪಾಪ, ಯಾರ ಮನೆಗೆ ಹೋಗಬೇಕಾಗಿತ್ತೋ" ಎಂದಳು.

ಅವಳು ಅಳಲಿಲ್ಲ. ಅಂದೂ ಇಲ್ಲ, ಮರುದಿನವೂ ಇಲ್ಲ. ಚೆನ್ನಾಗಿ ಉಂಡಳು, ನಿದ್ದೆ ಮಾಡಿದಳು. ಗಂಡನ ಅಂಗಿಗಳನ್ನು ಒಗೆದು ಇಸ್ತ್ರಿ ಮಾಡಿ ಇಟ್ಟಳು, ಮತ್ತೆ ತೆಗೆದು ಮತ್ತೆ ಒಗೆದಳು. ದಳದವರು ಅವನ ಪೆಟ್ಟಿಗೆ ಕಳಿಸಿದರೆ, ಬೀಗ ಕೂಡ ತೆಗೆಯದೆ, ಯಾರದೋ ಇಲ್ಲಿಗೆ ಬಂದುಬಿಟ್ಟಿದೆ ಎಂದು ಹೊರಗಿನ ಮೆಟ್ಟಿಲ ಮೇಲಿಟ್ಟಳು. ಊಟಕ್ಕೆ ಎರಡು ತಟ್ಟೆ ಹಾಕುತ್ತಿದ್ದಳು. ಅವನ ಅರ್ಧ ಕಿವಿ ನೆನಪಾಗಿ, ಖಾಲಿ ಕುರ್ಚಿಯ ಕಡೆ ತಿರುಗಿ ಹೇಳಿದ್ದನ್ನೇ ಎರಡೆರಡು ಸಲ ಜೋರಾಗಿ ಹೇಳುತ್ತಿದ್ದಳು. ಇನ್ನೂ ಕೆಟ್ಟದ್ದೆಂದರೆ, ಸಾಲಿನ ಹೆಂಗಸರು ಅವಳನ್ನು ನಂಬತೊಡಗಿದ್ದರು. ತಮ್ಮ ಕಿಟಕಿಯಲ್ಲಿ ಬಿರುಕು ಬಿಟ್ಟವರು ಬಂದು, ಅವಳ ಗಾಜಿಗೆ ಹಣೆ ಹಚ್ಚಿ ನಿಂತು ಹೋಗುತ್ತಿದ್ದರು. ಅವಳು ಒಳಗಿನಿಂದ ಅವರನ್ನು ನೋಡಿ ಸಣ್ಣಗೆ ನಗುತ್ತಿದ್ದಳು. ಆ ನಗು ನೋಡಿದರೆ ಹೆತ್ತ ತಾಯಿಗೇ ಮೈ ಜುಮ್ಮೆನ್ನುತ್ತಿತ್ತು.

"ಹೇಳ್ಬೇಡಿ ಅಂದೋಳು ನಾನೇ" ಎಂದು ಅಮ್ಮ ಹಣೆ ಚಚ್ಚಿಕೊಂಡಳು. "ಈಗ ಹೋಗಿ ಹೇಳ್ರೀ. ಇವಳು ಹೀಗೇ ಇದ್ರೆ ಇವಳೂ ನಮ್ಮ ಕೈಗೆ ಸಿಗಲ್ಲ."

ಗಾಜಣ್ಣ ಹೋಗಿ, ಮಗಳನ್ನು ಕೂರಿಸಿಕೊಂಡು, ಕಬ್ಬಿಣ, ಚಳಿ, ಸಂದಿ, ಕಂಬಳಿ ಎಲ್ಲ ಬಿಡಿಸಿ ಹೇಳಿದ. ಚೌಕಟ್ಟಿನ ಅಂಚಿನಲ್ಲಿ ಇಣುಕುತ್ತಿದ್ದ ಕಂಬಳಿಯ ನೂಲನ್ನು ತೋರಿಸಿದ. ಗಾಜನ್ನು ಬೆರಳಿನಿಂದ ಅಲುಗಿಸಿದ. ಅವಳು ಚಿಕ್ಕ ಮಕ್ಕಳ ಮಾತು ಕೇಳುವ ಹಾಗೆ ತಾಳ್ಮೆಯಿಂದ ಕೇಳಿದಳು.

"ನಿನ್ ಕೈಯಲ್ಲಿ ಕೂರಿಸಿದ್ದಲ್ವಾ ಅಪ್ಪಾ? ಅವರೂ ಹಿಡ್ಕೊಂಡಿದ್ರು. ಅದು ಸುಳ್ಳು ಹೇಳಲ್ಲ ಬಿಡು" ಎಂದು ಅವನ ಕೈ ತಟ್ಟಿ, ಅಡಿಗೆ ಮನೆಗೆ ಹೋದಳು.

ಗಾಜಣ್ಣ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಮಧ್ಯಾಹ್ನದ ಬಿಸಿಲು ಸಪ್ಪಗಿತ್ತು. ಒಳಗೆ ಮಗಳು ಪಾತ್ರೆ ಸರಿಸುತ್ತಾ ಯಾರಿಗೋ ಏನೋ ಜೋರಾಗಿ ಹೇಳಿದಳು, ಮತ್ತೊಮ್ಮೆ ಹೇಳಿದಳು, ಉತ್ತರಕ್ಕೆ ಕಾದಳು. ಅವನು ಎದ್ದ. ಚೀಲದಿಂದ ಗಾಜು ಕೊಯ್ಯುವ ಕಟರ್ ತೆಗೆದ. ತನ್ನ ಜನ್ಮದಲ್ಲಿ ಬೇಕೆಂದು ಒಂದು ಗಾಜನ್ನೂ ಒಡೆದವನಲ್ಲ, ಕಿಟಕಿಗೆ ಚೆಂಡು ಎಸೆದ ಮಕ್ಕಳನ್ನು ಓಡಿಸಿಕೊಂಡು ಹೋಗಿ ಕಿವಿ ಹಿಂಡಿದವನು. ಕೆಳಮೂಲೆಯಲ್ಲಿ ಕಟರ್ ಇಟ್ಟು, ಉಳಿದ ಕಿಟಕಿಗಳಲ್ಲಿ ಬಿರುಕು ಹೋಗಿದ್ದ ದಾರಿಯಲ್ಲೇ ಓರೆಯಾಗಿ ಮೇಲಕ್ಕೆ ಎಳೆದ. ಗೆರೆ ಒಂದು ಕಡೆ ಸೊಟ್ಟಗಾಯಿತು. ಗೆಣ್ಣಿನಿಂದ ಮೆಲ್ಲಗೆ ಒಂದು ಪೆಟ್ಟು ಕೊಟ್ಟ.

ಟಕ್.

ಒಳಗೆ ಪಾತ್ರೆಯ ಸದ್ದು ನಿಂತಿತು. ಮಗಳು ಕಿಟಕಿಯ ಬಳಿ ಬಂದಳು. ಮೊದಲು ಬಿರುಕನ್ನು ನೋಡಿದಳು, ಕೆಳಗಿನಿಂದ ಮೇಲಿನವರೆಗೆ. ಆಮೇಲೆ ಅದರ ಆಚೆ ನಿಂತಿದ್ದ ಅಪ್ಪನನ್ನು ನೋಡಿದಳು, ಅವನ ಕೈಯಲ್ಲಿದ್ದ ಕಟರನ್ನು ನೋಡಿದಳು. ಅವನು ಬಚ್ಚಿಡಲಿಲ್ಲ. ಶಾಪ ಹಾಕುತ್ತಾಳೆ, ಇನ್ನೆಂದೂ ನನ್ನ ಮುಖ ನೋಡುವುದಿಲ್ಲ ಎಂದುಕೊಂಡು ನಿಂತ. ಹಾಗಾದರೂ ಆಗಲಿ ಎಂದುಕೊಂಡ.

ಅವಳು ಗಾಜಿನ ಮೇಲೆ ಕೈಯಿಟ್ಟು, ತೆಗೆದು, ಅಂಗೈ ನೋಡಿಕೊಂಡಳು.

"ಯಾವತ್ತು ಹೋದ್ರಂತೆ ಅಪ್ಪಾ?" ಎಂದಳು.

ಅವನು ಹೇಳಿದ. ಎಲ್ಲಿ ಮಲಗಿಸಿದ್ದಾರೆಂಬುದನ್ನೂ ಹೇಳತೊಡಗಿದ. ಮಾತು ಮುಗಿಯುವ ಮುಂಚೆಯೇ ಅವಳು ಕಿಟಕಿಯ ಕೆಳಗೆ ಕುಸಿದು ಕಾಣದಂತಾದಳು, ಆಮೇಲೆ ಅವಳ ಅಳು ಕೇಳಿತು. ಎದುರು ಮನೆಯ ಬಾಗಿಲು ತೆರೆಯಿತು. ಡ್ರೈವರನ ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ರಸ್ತೆ ದಾಟಿ ಬಂದು, ಗಾಜಣ್ಣನ ಕಡೆ ನೋಡದೆ, ಬಾಗಿಲು ತಟ್ಟದೆ ಒಳಗೆ ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತಳು.